ಬ್ರಿಟಿಷರ ಕಾಲದ ಕೊಡಗಿನ ಕುರಿತ ಹಳೆಯ ಪುಸ್ತಕಗಳು: ಯಾವುದನ್ನು ಮೊದಲು ಕೊಳ್ಳಬೇಕು?

ಪ್ರಶ್ನೆ (ಮೈಸೂರಿನಿಂದ)

ಎಲ್ಲರಿಗೂ ನಮಸ್ಕಾರ. 1834ರಲ್ಲಿ ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದಂದಿನಿಂದ 1947ರವರೆಗೆ ಬ್ರಿಟಿಷರ ನೇರ ಆಡಳಿತದಲ್ಲಿದ್ದ ಕೊಡಗಿನ ಬಗ್ಗೆ ಅಚ್ಚಾದ ಹಳೆಯ ಪುಸ್ತಕಗಳನ್ನು ಕೂಡಿಸಬೇಕೆಂಬ ಆಸೆ ನನಗೆ ಬಹಳ ಕಾಲದಿಂದ ಇದೆ. ನನ್ನ ತಾಯಿಯ ತವರು ಸೋಮವಾರಪೇಟೆಯ ಕಡೆಯದು. ಆ ಸೀಮೆಯ ಹೋಬಳಿ, ಗ್ರಾಮ, ಸಂತೆ, ದಾರಿಗಳ ವಿವರ ನೂರೈವತ್ತು ವರ್ಷಗಳ ಹಿಂದೆ ಹೇಗೆ ದಾಖಲಾಗಿತ್ತು ಎಂಬುದನ್ನು ಮೂಲದಲ್ಲಿಯೇ ಓದಬೇಕೆನ್ನುವುದು ಈ ಸಂಗ್ರಹದ ಮುಖ್ಯ ಉದ್ದೇಶ.

ಈಗ ಒಂದು ಗೊಂದಲ ಎದುರಾಗಿದೆ. ಹಳೆಪುಸ್ತಕದ ವ್ಯಾಪಾರಿಯೊಬ್ಬರ ಬಳಿ ಕೊಡಗಿನ ನಾಡು, ಜನರ ವಿವರವಿರುವ, ರಿಕ್ಟರ್ ಅವರ 1870ರ ಕೊಡಗು ಮ್ಯಾನ್ಯುಯಲ್‌ನ ಮೊದಲ ಮುದ್ರಣದ ಪ್ರತಿಯೊಂದಿದೆ. ರಟ್ಟು ಬಿಟ್ಟುಕೊಂಡಿದೆ, ಒಳಗಿನಿಂದ ಯಾವುದೋ ಹಾಳೆಯನ್ನು ಕಿತ್ತಿರುವ ಗುರುತು ಹೊಲಿಗೆಯ ಬಳಿ ಕಾಣುತ್ತದೆ, ಆದರೂ ಅವರು ಹೇಳುತ್ತಿರುವ ಬೆಲೆ ನನ್ನ ಇಡೀ ವರ್ಷದ ಪುಸ್ತಕದ ಖರ್ಚನ್ನು ನುಂಗುವಷ್ಟಿದೆ. ಇದನ್ನು ಕೊಳ್ಳುವುದು ಸರಿಯೇ, ಅಥವಾ ಮರುಮುದ್ರಣ ಸಾಕೇ? ಇಂಗ್ಲಿಷ್ ಗೆಜೆಟಿಯರುಗಳ (ಸರ್ಕಾರ ಹೊರತಂದ ಪ್ರಾಂತ್ಯ ವಿವರಗ್ರಂಥಗಳ) ಜೊತೆಗೆ ಕನ್ನಡದಲ್ಲಿ ಏನನ್ನು ಹುಡುಕಬೇಕು? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.

ಉತ್ತರ 1 (ಬೆಂಗಳೂರಿನಿಂದ)

ಆ ಪ್ರತಿಯನ್ನು ಆ ಬೆಲೆಗೆ ಕೊಳ್ಳಬೇಡಿ ಎಂದೇ ನನ್ನ ಸಲಹೆ. ಕಾರಣವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಕೊಡಗಿನ ಬಗ್ಗೆ ಇಂಗ್ಲಿಷಿನಲ್ಲಿ ಬಂದ ಹಳೆಯ ಪುಸ್ತಕಗಳು ಒಂದರ ಹೆಗಲ ಮೇಲೆ ಇನ್ನೊಂದು ನಿಂತಿವೆ, ಮತ್ತು ಆ ಸರಣಿ ಗೊತ್ತಾದರೆ ಯಾವುದಕ್ಕೆ ಹಣ ಹಾಕಬೇಕೆಂಬುದು ತಾನಾಗಿಯೇ ತಿಳಿಯುತ್ತದೆ. ಲೆಫ್ಟಿನೆಂಟ್ ಕಾನರ್ ಕೊಡಗಿನ ಸರ್ವೆ ನಡೆಸಿ ವರದಿ ಬರೆದದ್ದು ಇನ್ನೂ ಕೊಡಗಿನ ಹಾಲೇರಿ ವಂಶದ ಅರಸರು ಆಳುತ್ತಿದ್ದಾಗ, 1817ರ ಹೊತ್ತಿಗೆ. ಆದರೆ ಅದು ಅಚ್ಚಾದದ್ದು 1870ರಲ್ಲಿ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯ ಹರ್ಮನ್ ಮೋಗ್ಲಿಂಗ್ ಅವರು ಕೊಡಗಿನ ಕುರಿತು ಬರೆದ ಪುಸ್ತಕ 1855ರಲ್ಲಿ ಬಂತು. ಮಡಿಕೇರಿಯಲ್ಲಿ ಶಾಲೆಯ ಮುಖ್ಯಸ್ಥರಾಗಿದ್ದ ರಿಕ್ಟರ್ ಈ ಇಬ್ಬರನ್ನೂ ಬಳಸಿಕೊಂಡು, ತಾವು ಕಣ್ಣಾರೆ ಕಂಡದ್ದನ್ನೂ ಸೇರಿಸಿ, ಮಂಗಳೂರಿನ ಬಾಸೆಲ್ ಮಿಷನ್ನಿನ ಮೂಲಕ 1870ರಲ್ಲಿ ತಮ್ಮ ಮ್ಯಾನ್ಯುಯಲ್ ಹೊರತಂದರು. ಲೂಯಿ ರೈಸ್ ಅವರ ಮೈಸೂರು ಮತ್ತು ಕೊಡಗು ಗೆಜೆಟಿಯರಿನ ಮೂರನೆಯ ಸಂಪುಟ 1878ರದು. ಅದರಲ್ಲಿ ರಿಕ್ಟರ್ ಅವರ ಸಾಮಗ್ರಿ ಬಹುವಾಗಿ ಬಳಕೆಯಾಗಿದೆ. ಹೀಗಿರುವಾಗ ಒಂದೇ ಹೇಳಿಕೆಯನ್ನು ನಾಲ್ಕು ಪುಸ್ತಕಗಳಲ್ಲಿ ಕಂಡು ನಾಲ್ಕು ಸಾಕ್ಷ್ಯಗಳಿವೆ ಎಂದು ಭಾವಿಸುವಂತಿಲ್ಲ.

ಇದಕ್ಕೆ ಅತಿ ಮುಖ್ಯವಾದ ನಿದರ್ಶನ 1834ರ ಘಟನೆಯೇ. ಕೊಡಗಿನ ಜನರೆಲ್ಲರೂ ಒಮ್ಮತದಿಂದ ಕಂಪನಿಯ ಆಳ್ವಿಕೆಯನ್ನು ಬಯಸಿದರು ಎಂಬ ಮಾತು ಕಂಪನಿಯ ಪರವಾಗಿ ಕರ್ನಲ್ ಫ್ರೇಸರ್ ಹೊರಡಿಸಿದ ಘೋಷಣೆಯಲ್ಲಿ ಬರುತ್ತದೆ. ಗೆದ್ದವರು ತಮ್ಮ ಗೆಲುವಿಗೆ ಕೊಟ್ಟುಕೊಂಡ ಸಮರ್ಥನೆ ಅದು. ಆಮೇಲಿನ ಪುಸ್ತಕಗಳಲ್ಲಿ ಅರಸನ ಕ್ರೌರ್ಯದ ಕಥೆಗಳ ಪಕ್ಕದಲ್ಲಿ ಅದನ್ನು ಓದುವಾಗ, ಅದೇ ಅರಸ ತಾನು ಗಡಿಪಾರಾಗಿದ್ದ ಕಾಶಿಯಿಂದ 1852ರಲ್ಲಿ ಲಂಡನ್ನಿಗೆ ಹೋಗಿ ಕಂಪನಿಯ ಬಳಿ ಉಳಿದ ತನ್ನ ಹಣಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದನೆಂಬುದನ್ನು, 1859ರಲ್ಲಿ ಅಲ್ಲಿಯೇ ಕಣ್ಣುಮುಚ್ಚಿದನೆಂಬುದನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಸಂಗ್ರಹದಲ್ಲಿ ಎರಡೂ ಕಡೆಯ ಕಾಗದ ಇರಲೇಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿ. ಹಿಂದಿನ ಅರಸ ದೊಡ್ಡವೀರರಾಜೇಂದ್ರ ಬರೆಸಿದ ಕನ್ನಡದ ವಂಶಚರಿತ್ರೆ ರಾಜೇಂದ್ರನಾಮೆಯಿಲ್ಲದೆ ಗೆಜೆಟಿಯರುಗಳ ಸಾಲು ಒಂಟಿಗಾಲಿನದು.

ಕೊಳ್ಳುವ ವಿಷಯದಲ್ಲಿ ಎರಡು ಎಚ್ಚರಿಕೆಗಳು. ರೈಸ್ ಅವರ ಗೆಜೆಟಿಯರಿನ 1897ರ ಪರಿಷ್ಕೃತ ಆವೃತ್ತಿ ಮೈಸೂರಿಗೆ ಮಾತ್ರ ಸೀಮಿತವಾದದ್ದು, ಅದರಲ್ಲಿ ಕೊಡಗಿನ ಸಂಪುಟವಿಲ್ಲ. ಅಂಗಡಿಯವರಿಗೆ ಈ ವ್ಯತ್ಯಾಸ ಎಷ್ಟೋ ಸಲ ಗೊತ್ತಿರುವುದಿಲ್ಲ. ಹಾಗೆಯೇ ಶಾಸನಗಳ ಸಂಕಲನಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕದ ಮೊದಲ ಸಂಪುಟವಾದ ಕೊಡಗಿನ ಶಾಸನಗಳು 1886ರಲ್ಲಿ ಒಮ್ಮೆ, 1914ರಲ್ಲಿ ಪರಿಷ್ಕಾರಗೊಂಡು ಇನ್ನೊಮ್ಮೆ ಬಂದಿವೆ. ಓದುವುದಕ್ಕೆ ಬೇಕಿದ್ದರೆ ಮೈಸೂರು ವಿಶ್ವವಿದ್ಯಾನಿಲಯದ 1972ರ ಆವೃತ್ತಿಯೇ ಹೆಚ್ಚು ಉಪಯುಕ್ತ. ರಿಕ್ಟರ್, ರೈಸ್ ಇಬ್ಬರ ಪುಸ್ತಕಗಳೂ ದೆಹಲಿಯ ಪ್ರಕಾಶಕರಿಂದ ಮರುಮುದ್ರಣಗೊಂಡಿವೆ, ಅಂತರಜಾಲದಲ್ಲಿ ಸ್ಕ್ಯಾನ್ ಪ್ರತಿಗಳೂ ಉಚಿತವಾಗಿ ಸಿಗುತ್ತವೆ. ಬ್ರಿಗೇಡ್ ರಸ್ತೆಯ ಬದಿಯ ಸೆಲೆಕ್ಟ್, ಚರ್ಚ್ ಸ್ಟ್ರೀಟಿನ ಬ್ಲಾಸಮ್ ಇವೆರಡರಲ್ಲೂ ಕೇಳಿಟ್ಟಿರಿ.

ಉತ್ತರ 2 (ವಿರಾಜಪೇಟೆಯಿಂದ)

ಮೇಲಿನ ಹಿರಿಯರು ಹೇಳಿದ್ದಕ್ಕೆ ನನ್ನ ಪೂರ್ಣ ಸಹಮತವಿದೆ. ಅದರ ಮುಂದಿನ ಮಾತೊಂದನ್ನು ನಾನು ಸೇರಿಸಬಯಸುತ್ತೇನೆ. ಸ್ಕ್ಯಾನ್ ಆಗಿ ಲೋಕಕ್ಕೆಲ್ಲ ಸಿಗುವ ಪುಸ್ತಕ ನಾಳೆಯೂ ಇರುತ್ತದೆ. ಮಡಿಕೇರಿಯಲ್ಲೋ ಮೈಸೂರಿನಲ್ಲೋ ಮಂಗಳೂರಿನಲ್ಲೋ ಕೆಲವೇ ಪ್ರತಿ ಅಚ್ಚಾದ ತೆಳುವಾದ ಹೊತ್ತಿಗೆ ಇಂದು ರದ್ದಿಗೆ ಹೋದರೆ ಅಲ್ಲಿಗೆ ಮುಗಿಯಿತು. ಒಕ್ಕದ (ಕೊಡವ ಮನೆತನದ) ಚರಿತ್ರೆಯೆಂದು ಮನೆತನದವರೇ ಮಾಡಿಸಿದ ಪುಸ್ತಿಕೆ, ಸಹಕಾರ ಸಂಘದ ವಾರ್ಷಿಕ ವರದಿ, ದೇವಸ್ಥಾನದ ಜೀರ್ಣೋದ್ಧಾರದ ಸ್ಮರಣ ಸಂಚಿಕೆ, ಜಮ್ಮ (ವಂಶಪಾರಂಪರ್ಯವಾಗಿ ಬಂದ) ಮತ್ತು ಬಾಣೆ (ಅದಕ್ಕೆ ಸೇರಿದ ಕಾಡಿನ) ಜಮೀನಿನ ಹಕ್ಕಿನ ಬಗ್ಗೆ ವಕೀಲರು ಅಚ್ಚು ಹಾಕಿಸಿದ ಕರಪತ್ರ, ಶಾಲೆಯ ಭೂಗೋಳದ ಪಠ್ಯ ಇಂಥವುಗಳ ಬೆಲೆ ಅತ್ಯಲ್ಪ. ಒಕ್ಕದ ಹಿರಿಮನೆಗಳಾದ ಐನ್‌ಮನೆಗಳನ್ನು ದುರಸ್ತಿ ಮಾಡಿಸುವಾಗ, ತೋಟ ಕೈಬದಲಾಗುವಾಗ ಇವೆಲ್ಲ ಗೋಣಿಚೀಲದಲ್ಲಿ ಗುಜರಿಗೆ ಹೋಗುವುದನ್ನು ನೋಡುವಾಗ ನನಗೆ ಹೊಟ್ಟೆ ಉರಿಯುತ್ತದೆ.

ನನ್ನ ಬಳಿ ಕಾಫಿ ಬೆಳೆಗಾರರಿಗಾಗಿ ಅಚ್ಚಾದ ಒಂದು ಹಳೆಯ ಕೈಪಿಡಿ ಇದೆ. ರಟ್ಟು ಇಲ್ಲ, ಕೊನೆಯ ಹಾಳೆಗಳನ್ನು ಗೆದ್ದಲು ಅರ್ಧಚಂದ್ರಾಕಾರವಾಗಿ ತಿಂದಿದೆ. ಆದರೆ ಅದನ್ನು ಇಟ್ಟುಕೊಂಡಿದ್ದವರು ಪ್ರತಿ ಅಧ್ಯಾಯದ ಅಂಚಿನಲ್ಲಿ ಪೆನ್ಸಿಲಿನಿಂದ ತಮ್ಮ ತೋಟದಲ್ಲಿ ಕಾಫಿ ಹೂ ಅರಳಿಸುವ ಹೂಮಳೆಯ ದಿನಾಂಕ, ಸಾಲುಮರ ಕಡಿಸಿದ ಲೆಕ್ಕ, ಆಳುಗಳಿಗೆ ಕೊಟ್ಟ ಅಕ್ಕಿಯ ಸೇರುಗಳನ್ನು ಬರೆದಿದ್ದಾರೆ. ಎರಡು ಕಡೆ ಪುಸ್ತಕದ ಸಲಹೆಯನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿ, ಪಕ್ಕದಲ್ಲಿ ಕನ್ನಡದಲ್ಲಿ ‘ಇಲ್ಲಿಗೆ ಆಗದು’ ಎಂದು ಷರಾ ಹಾಕಿದ್ದಾರೆ. 1854ರಲ್ಲಿ ಯುರೋಪಿಯನ್ನರ ಮೊದಲ ಕಾಫಿ ತೋಟ ಮಡಿಕೇರಿಯ ಬಳಿ ಆರಂಭವಾಯಿತೆಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ನೆಲದ ಮನುಷ್ಯ ಅದನ್ನು ಹೇಗೆ ನಡೆಸಿದನೆಂಬುದು ಮಾತ್ರ ಇಂಥ ಅಂಚುಗಳಲ್ಲಿಯೇ ಇರುತ್ತದೆ. ಆದ್ದರಿಂದ ಬರಹವಿರುವ ಪ್ರತಿಯನ್ನು ಕೊಳೆಯಾದದ್ದೆಂದು ದಯವಿಟ್ಟು ಬಿಡಬೇಡಿ.

ಕನ್ನಡ ಲಿಪಿಯ ಪುಸ್ತಕಗಳಲ್ಲಿ ಮೊದಲು ಬೇಕಾದದ್ದು ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪ್ರಕಟಿಸಿದ ಪಟ್ಟೋಲೆ ಪಳಮೆ. ಹಬ್ಬ, ಮದುವೆ, ಸಾವಿನ ಹಾಡುಗಳನ್ನೂ ಕಟ್ಟುಪಾಡುಗಳನ್ನೂ ಕೊಡವರೇ ಒಬ್ಬರು ದಾಖಲಿಸಿದ ಗ್ರಂಥವದು. ಮೊದಲ ಮುದ್ರಣ ಸಿಗುವುದು ಕಷ್ಟ, ನಂತರದ ಮುದ್ರಣವಾದರೂ ಸಾಕು.

ಪ್ರಶ್ನೆ ಕೇಳಿದವರ ಮರುನುಡಿ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಮ್ಯಾನ್ಯುಯಲ್‌ನ ಆಸೆಯನ್ನು ಸದ್ಯಕ್ಕೆ ಬಿಟ್ಟು, ಮರುಮುದ್ರಣ ತರಿಸಿಕೊಂಡು, ಉಳಿದ ಹಣವನ್ನು ಸ್ಥಳೀಯ ಪುಸ್ತಿಕೆಗಳಿಗೆ ಮೀಸಲಿಡುತ್ತೇನೆ. ಆದರೆ ಮೂಲ ಮುದ್ರಣ ಮುಂದೆ ನ್ಯಾಯವಾದ ಬೆಲೆಗೆ ಸಿಕ್ಕರೆ ಏನೇನನ್ನು ಪರೀಕ್ಷಿಸಬೇಕು? ಮಲೆನಾಡಿನಿಂದ ಬಂದ ಪುಸ್ತಕಗಳನ್ನು ಕಾಪಾಡುವ ಬಗೆಯನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 3 (ನಿವೃತ್ತ ಗ್ರಂಥಪಾಲಕರು, ಧಾರವಾಡ)

ಪುಸ್ತಕದ ಮೊದಲಿನ ಚಿತ್ರಪಟ್ಟಿಯನ್ನು ತೆರೆದು, ಅದರಲ್ಲಿರುವ ಪ್ರತಿಯೊಂದು ಚಿತ್ರವೂ ನಕ್ಷೆಯೂ ಒಳಗಿದೆಯೇ ಎಂದು ಒಂದೊಂದಾಗಿ ತಾಳೆ ನೋಡಿ. ಮಡಿಕೆಯ ನಕ್ಷೆಗಳನ್ನು ಕಿತ್ತು ಚೌಕಟ್ಟು ಹಾಕಿಸಿ ಬೇರೆಯಾಗಿ ಮಾರುವ ಕೆಟ್ಟ ಪದ್ಧತಿಯಿರುವುದರಿಂದ ಮೊದಲು ಕಾಣೆಯಾಗುವುದು ನಕ್ಷೆಯೇ. ಮರುಮುದ್ರಣಗಳಲ್ಲಿಯೂ ನಕ್ಷೆಯನ್ನು ಕಿರಿದು ಮಾಡಿ ಊರಿನ ಹೆಸರುಗಳು ಓದಲಾಗದಂತೆ ಮಾಡಿರುವುದುಂಟು, ಕೆಲವೊಮ್ಮೆ ಬಿಟ್ಟೇ ಬಿಟ್ಟಿರುವುದುಂಟು; ಹೋಬಳಿ ಮತ್ತು ಗ್ರಾಮದ ವಿವರ ನಿಮಗೆ ಮುಖ್ಯವಾದ್ದರಿಂದ ಇದನ್ನು ನೋಡದೆ ಹಣ ಕೊಡಬೇಡಿ. ಗ್ರಂಥಾಲಯದ ಮೊಹರಿದ್ದರೆ, ಅದರ ಜೊತೆಗೆ ಪುಸ್ತಕವನ್ನು ರದ್ದುಪಡಿಸಿದ ಮೊಹರೂ ಇದೆಯೇ ಎಂದು ಹುಡುಕಿ. ಇಲ್ಲದಿದ್ದರೆ ಆ ಸಂಸ್ಥೆಗೆ ಪತ್ರ ಬರೆದು ವಿಚಾರಿಸುವುದು ನಮ್ಮ ಕರ್ತವ್ಯ. ಅಚ್ಚಿನ ಪುಸ್ತಕದ ಜೊತೆ ಕೈಬರಹದ ಕಡತವೋ ಓಲೆಗರಿಯೋ ಬಂದರೆ, 1972ರ ಪ್ರಾಚ್ಯವಸ್ತು ಕಾಯ್ದೆಯಂತೆ 75 ವರ್ಷಕ್ಕಿಂತ ಹಳೆಯದಾದ, ಐತಿಹಾಸಿಕ ಅಥವಾ ಸಾಹಿತ್ಯಕ ಮಹತ್ವವುಳ್ಳ ಹಸ್ತಪ್ರತಿ ಪ್ರಾಚ್ಯವಸ್ತುವೆನಿಸುತ್ತದೆ. ಅದನ್ನು ಹೊರದೇಶಕ್ಕೆ ಕಳುಹಿಸುವಂತಿಲ್ಲ.

ಮಳೆಸೀಮೆಯ ಪುಸ್ತಕ ಮನೆಗೆ ಬಂದ ಕೂಡಲೇ ಉಳಿದವುಗಳ ಜೊತೆ ಕಪಾಟಿನಲ್ಲಿ ಇಡಬೇಡಿ. ಕೆಲವು ವಾರ ಬೇರೆಯಾಗಿಟ್ಟು, ನೆರಳಿನಲ್ಲಿ ಗಾಳಿಯಾಡುವ ಕಡೆ ಹಾಳೆಗಳನ್ನು ಬಿಡಿಸಿ ಆರಲು ಬಿಡಿ. ಬೂಷ್ಟನ್ನು ಒಣಗಿದ ಮೇಲೆ ಮೃದುವಾದ ಬ್ರಷ್ಷಿನಿಂದ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮನೆಯ ಹೊರಗೆ ತೆಗೆಯಬೇಕು; ಒದ್ದೆ ಬಟ್ಟೆ ಬೇಡ, ಬಿಸಿಲಿಗೂ ಹಿಡಿಯಬೇಡಿ. ಹರಿದ ಹಾಳೆಗೆ ಸೆಲೋಟೇಪ್ ಅಂಟಿಸಿದರೆ ಅದರ ಅಂಟು ಕಾಲಕ್ರಮದಲ್ಲಿ ಕಂದಾಗಿ ಅಕ್ಷರಗಳನ್ನೇ ತಿನ್ನುತ್ತದೆ. ತೆಳು ಪುಸ್ತಿಕೆಗಳ ಪಿನ್ನು ತುಕ್ಕು ಹಿಡಿದಿದ್ದರೆ ತೆಗೆದು ಹತ್ತಿಯ ದಾರದಲ್ಲಿ ಹೊಲಿಯಿರಿ.

ಉತ್ತರ 4 (ಸುಳ್ಯದಿಂದ)

ತಡವಾಗಿ ಬರೆಯುತ್ತಿದ್ದೇನೆ. ಕೊಡಗಿನ ಸಂಗ್ರಹ ಮಾಡುವವರು ಇಂದಿನ ಜಿಲ್ಲೆಯ ಗಡಿಯಲ್ಲಿಯೇ ನಿಂತುಬಿಟ್ಟರೆ ಮುಖ್ಯವಾದ ಭಾಗವೊಂದು ಕೈತಪ್ಪುತ್ತದೆ. ಹಾಲೇರಿ ಅರಸರ ಅಧೀನದಲ್ಲಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕಂಪನಿ 1834ರ ನಂತರ ಕರಾವಳಿಯ ಕೆನರಾ ಜಿಲ್ಲೆಗೆ ಸೇರಿಸಿತು. ಧಾನ್ಯದ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಿನಲ್ಲಿ ಕಟ್ಟಬೇಕಾಗಿ ಬಂದದ್ದು 1837ರ ದಂಗೆಗೆ ಒಂದು ಮುಖ್ಯ ಕಾರಣ. ಇಲ್ಲಿಂದ ಹೊರಟ ದಂಡು ಮಂಗಳೂರನ್ನೇ ಕೆಲವು ದಿನ ಹಿಡಿದಿಟ್ಟುಕೊಂಡಿತ್ತು. ಆದ್ದರಿಂದ ಸ್ಟರಾಕ್ ಅವರ 1894ರ ದಕ್ಷಿಣ ಕೆನರಾ ಮ್ಯಾನ್ಯುಯಲ್ ಮತ್ತು ಗಣಪತಿ ರಾವ್ ಐಗಳ್ ಅವರು 1923ರಲ್ಲಿ ಕನ್ನಡದಲ್ಲಿ ಪ್ರಕಟಿಸಿದ ದಕ್ಷಿಣ ಕನ್ನಡ ಜಿಲ್ಲೆಯ ಪ್ರಾಚೀನ ಇತಿಹಾಸ ಇವೆರಡನ್ನೂ ನಿಮ್ಮ ಪಟ್ಟಿಗೆ ಸೇರಿಸಿಕೊಳ್ಳಿ. ದಂಗೆಯ ಬಗ್ಗೆ ನಮ್ಮೂರ ಕಡೆ ಬಂದ ಸ್ಮರಣ ಸಂಚಿಕೆಗಳಲ್ಲಿ ಎರಡೆರಡು ಪ್ರತಿಗಳಿರುವ ಕೆಲವು ನನ್ನಲ್ಲಿವೆ. ಅಂಚೆ ವೆಚ್ಚವನ್ನಷ್ಟೇ ಕೊಟ್ಟರೆ ಮೈಸೂರಿಗೆ ಕಳುಹಿಸಿಕೊಡುತ್ತೇನೆ.