ಎಂಎಂಎಯಲ್ಲಿ ಲೆಜೆಂಡ್ ಅನ್ನಿಸಿಕೊಳ್ಳುವ ಯೋಗ್ಯತೆ ಯಾರಿಗಿದೆ?

ಪ್ರಶ್ನೆ (ಬೆಳಗಾವಿ)
ಸಂಜೆ ಗರಡಿಗೆ ಹೋಗುತ್ತೇನೆ, ಭಾನುವಾರ ಬೆಳಿಗ್ಗೆ ಯುಎಫ್‌ಸಿ ನೋಡುತ್ತೇನೆ, ಅಂದರೆ ಎಂಎಂಎ (ಹೊಡೆತ, ಒದೆತ, ಕುಸ್ತಿ ಎಲ್ಲ ಸೇರಿದ ಕಾಳಗ) ನಡೆಸುವ ದೊಡ್ಡ ಸಂಸ್ಥೆಯ ಪಂದ್ಯ. ನಮ್ಮ ಹುಡುಗರಲ್ಲಿ ಅರ್ಧ ಜನ ಖಬೀಬ್ ಅಂತಾರೆ, ಇನ್ನರ್ಧ ಜನ ಜಾನ್ ಜೋನ್ಸ್. ಈಗ ಒಂದು ಚಾಂಪಿಯನ್ ಬೆಲ್ಟ್ ಗೆದ್ದರೂ ಲೆಜೆಂಡ್ ಅಂದುಬಿಡುತ್ತಾರೆ. ನಿಜಕ್ಕೂ ಆ ಹೆಸರು ಯಾರಿಗೆ ಸಲ್ಲಬೇಕು? ಸುಮ್ನೆ ಹೆಸರು ಬೇಡ, ಕಾರಣನೂ ಹೇಳಿ.

ಉತ್ತರ (ಜಮಖಂಡಿ)
ತಮ್ಮಾ, ನನ್ನ ಲೆಕ್ಕದಲ್ಲಿ ಮೊದಲ ಹೆಸರು ಜಾರ್ಜ್ ಸೇಂಟ್ ಪಿಯರ್. ನಾನು ಜಾತ್ರೆ ಕುಸ್ತಿ ಹಿಡಿದವನು. ಯಾರನ್ನು ಚಿತ್ ಮಾಡಿದ ಅಂತ ಆಮೇಲೆ ನೋಡುತ್ತೇನೆ. ತನ್ನನ್ನು ಸೋಲಿಸಿದವನ ಜೊತೆ ಮತ್ತೆ ಕೈ ಮಿಲಾಯಿಸಿದನೇ, ಅದು ಮೊದಲು.

ಸೇಂಟ್ ಪಿಯರ್ ಸೋತಿದ್ದು ಎರಡೇ ಸಲ. 2004ರಲ್ಲಿ ಮೊದಲ ಸುತ್ತು ಮುಗಿಯಲು ಒಂದೇ ಸೆಕೆಂಡ್ ಇದ್ದಾಗ ಮ್ಯಾಟ್ ಹ್ಯೂಸ್ ಆರ್ಮ್‌ಬಾರ್ (ತೋಳು ಹಿಡಿದು ಮೊಣಕೈಯನ್ನು ಹಿಮ್ಮುಖವಾಗಿ ಒತ್ತುವ ಪಟ್ಟು) ಹಾಕಿ ಸೋಲೊಪ್ಪಿಸಿದ. 2006ರಲ್ಲಿ ಅದೇ ಹ್ಯೂಸ್‌ನಿಂದ ಇವನು ಬೆಲ್ಟ್ ಕಿತ್ತುಕೊಂಡ. 2007ರ ಡಿಸೆಂಬರಿನಲ್ಲಿ ಮೂರನೇ ಸಲ ಎದುರಾದಾಗ ಹ್ಯೂಸ್‌ಗೆ ಆರ್ಮ್‌ಬಾರನ್ನೇ ಹಾಕಿ ಮುಗಿಸಿದ. ತನ್ನನ್ನು ಕೆಡವಿದ ಪಟ್ಟನ್ನೇ ಕಲಿತು ವಾಪಸ್ ಕೊಡುವುದು ಅಂದರೆ ಅದೇ.

ಎರಡನೇ ಸೋಲು 2007ರ ಏಪ್ರಿಲ್‌ನದು. ಮ್ಯಾಟ್ ಸೆರಾ ಗೆಲ್ಲುತ್ತಾನೆ ಅಂತ ಯಾರೂ ಎಣಿಸಿರಲಿಲ್ಲ, ಮೊದಲ ಸುತ್ತಿನಲ್ಲೇ ಹೊಡೆದು ಮುಗಿಸಿದ. ಒಂದು ವರ್ಷದ ಮೇಲೆ ಮಾಂಟ್ರಿಯಲ್‌ನಲ್ಲಿ ಸೇಂಟ್ ಪಿಯರ್ ಶುರುವಾದ ಕೂಡಲೇ ಕಾಲಿಗೆ ನುಗ್ಗಿ ಸೆರಾನನ್ನು ಕೆಡವಿದ. ಎರಡನೇ ಸುತ್ತಿನಲ್ಲಿ ಪಕ್ಕೆಗೆ ಮೊಣಕಾಲಿನ ಏಟು ಬೀಳುತ್ತಿರುವಾಗ ರೆಫರಿ ನಿಲ್ಲಿಸಿದರು. ಕರಾಟೆಯಿಂದ ಬಂದವನು ಇವನು. ಕುಸ್ತಿ ಆಮೇಲೆ ಕಲಿತು, ಅಮೆರಿಕದ ಕಾಲೇಜು ಕುಸ್ತಿ ಚಾಂಪಿಯನ್ ಜಾಶ್ ಕೊಶ್ಚೆಕ್‌ನನ್ನೇ ಕೆಡವಿದ. ಬೆಲ್ಟನ್ನು ಸತತ ಒಂಬತ್ತು ಸಲ ಉಳಿಸಿಕೊಂಡ.

ಖಬೀಬ್ ಎರಡನೆಯವನು. 29 ಪಂದ್ಯ, 29 ಗೆಲುವು. ಎದುರಾಳಿಯನ್ನು ಕಣದ ಸುತ್ತಲಿನ ಬಲೆಗೆ ಒತ್ತಿ ಕೂರಿಸಿದಾಗ ಅವನ ಕೈ ನೋಡಿ. ಕಾಲಿಂದ ಕಾಲು ಕಟ್ಟುತ್ತಾನೆ, ಒಂದು ಮಣಿಕಟ್ಟನ್ನು ಬೆನ್ನ ಹಿಂದೆ ಹಿಡಿಯುತ್ತಾನೆ, ಇನ್ನೊಂದು ಕೈಯಿಂದ ಹೊಡೆಯುತ್ತಾನೆ. ಅವನ ಅಪ್ಪನೇ ಅವನ ವಸ್ತಾದ. ಅವರು ತೀರಿಕೊಂಡು ಮೂರು ತಿಂಗಳಿಗೆ, 2020ರ ಅಕ್ಟೋಬರಿನಲ್ಲಿ ಜಸ್ಟಿನ್ ಗೇಚಿಯನ್ನು ಸೋಲಿಸಿ ನಿವೃತ್ತನಾದ. ಆದರೆ ಬೆಲ್ಟ್ ಉಳಿಸಿಕೊಂಡಿದ್ದು ಮೂರೇ ಸಲ.

ಜೋನ್ಸ್ 23ಕ್ಕೇ ಚಾಂಪಿಯನ್ ಆದವನು, ಕೈಚಳಕದಲ್ಲಿ ಅವನ ಸಮ ಯಾರೂ ಇಲ್ಲ. ಆದರೆ 2017ರಲ್ಲಿ ಡೇನಿಯಲ್ ಕಾರ್ಮಿಯರ್ ಮೇಲಿನ ಗೆಲುವು ಡ್ರಗ್ ಟೆಸ್ಟ್‌ನಲ್ಲಿ ಸಿಕ್ಕಿಬಿದ್ದು ರದ್ದಾಯಿತು. ನಾನಂತೂ ಆ ಹೆಸರು ಕೊಡುವುದಿಲ್ಲ.

ಉತ್ತರ (ವಿಜಯಪುರ)
ಕಾಕಾ, ಹಗುರ ತೂಕದವರನ್ನು ಮರೆತಿರಿ. ಡಿಮಿಟ್ರಿಯಸ್ ಜಾನ್ಸನ್ 57 ಕೆಜಿ ವರ್ಗದಲ್ಲಿ ಸತತ 11 ಸಲ ಬೆಲ್ಟ್ ಉಳಿಸಿಕೊಂಡ. 2017ರಲ್ಲಿ ರೇ ಬೋರ್ಗ್‌ನನ್ನು ಹಿಂದಿನಿಂದ ಎತ್ತಿ ಒಗೆದ. ಅವನು ನೆಲಕ್ಕೆ ಬೀಳುವಷ್ಟರಲ್ಲಿ ತೋಳು ಇವನ ಕೈಯಲ್ಲಿತ್ತು! ಅಮಾಂಡಾ ನೂನ್ಸ್ ಹೆಸರು ಯಾರೂ ಯಾಕೆ ಎತ್ತುವುದಿಲ್ಲ? ಹದಿಮೂರು ವರ್ಷ ಸೋಲದ ಕ್ರಿಸ್ ಸೈಬೋರ್ಗ್‌ಳನ್ನು 2018ರಲ್ಲಿ 51 ಸೆಕೆಂಡಿನಲ್ಲಿ ಮಲಗಿಸಿದಳು. ಎರಡು ತೂಕದಲ್ಲಿ ಚಾಂಪಿಯನ್. ಹೆಣ್ಣು ಅಂತ ಪಟ್ಟಿಯಿಂದ ಬಿಡಬೇಡಿ.

ಉತ್ತರ (ಗೋಕಾಕ)
ಕಝುಶಿ ಸಕುರಾಬಾ. 2000ದ ಮೇ ತಿಂಗಳಲ್ಲಿ ಟೋಕಿಯೋದಲ್ಲಿ ರಾಯ್ಸ್ ಗ್ರೇಸಿ ಜೊತೆ 90 ನಿಮಿಷ ಹೋರಾಡಿದ. ಗ್ರೇಸಿ ಕಡೆಯವರು ಕೇಳಿದ್ದು ನಮ್ಮ ನಿಕಾಲಿ ಕುಸ್ತಿಯ ನಿಯಮವನ್ನೇ: ಸಮಯದ ಮಿತಿ ಬೇಡ. ಕೊನೆಗೆ ಟವೆಲ್ ಎಸೆದು ಸೋಲೊಪ್ಪಿದ್ದೂ ಅವರೇ. ಅದೇ ರಾತ್ರಿ ಸಕುರಾಬಾ ತನಗಿಂತ ಭಾರದ ಇಗೋರ್ ವೊವ್ಚಾಂಚಿನ್ ಎದುರು ಮತ್ತೆ ಇಳಿದ.

ಉತ್ತರ (ಜಮಖಂಡಿ)
ತಂಗಿ, ನೂನ್ಸ್ ವಿಷಯ ಒಪ್ಪಿದೆ, ಜಾನ್ಸನ್ ಕೂಡ. ಗೋಕಾಕದವರೇ, 90 ನಿಮಿಷ ಹಿಡಿದು ಮತ್ತೆ ಕಣಕ್ಕೆ ಇಳಿಯುವ ಎದೆಗಾರಿಕೆ ನಾನು ಯಾವ ಜಾತ್ರೆಯಲ್ಲೂ ಕಂಡಿಲ್ಲ. ಸಕುರಾಬಾನನ್ನು ಖಬೀಬ್‌ಗಿಂತ ಮೇಲೆ ಇಡುತ್ತೇನೆ. ಬೆಳಗಾವಿ ತಮ್ಮಾ, ನಿಮ್ಮ ಹುಡುಗರಿಗೆ ಮೊದಲು ಸೆರಾ ಜೊತೆಗಿನ ಎರಡೂ ಪಂದ್ಯ ತೋರಿಸು, ಒಂದರ ಹಿಂದೆ ಒಂದು.