‘ಸೆಲ್ಫ್ ಹೊಡೀತಿದೆ, ಸ್ಟಾರ್ಟ್ ತಗೋತಿಲ್ಲ’: ಇದನ್ನು ಬರೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ.

ಡೀಸೆಲ್ ವ್ಯಾನ್ ಓಡಿಸುವವರಿಗೆಂದು ಮಾಡಿದ ಒಂದು ಚಿಕ್ಕ ಕೈಪಿಡಿಯ ಕನ್ನಡವನ್ನು ತಿದ್ದುತ್ತಿದ್ದೇನೆ. ಅದರ ಒಂದು ತಲೆಬರಹ ಹೀಗಿದೆ: ‘ಯಂತ್ರವು ಪರಿಭ್ರಮಿಸುತ್ತದೆ, ಆದರೆ ಪ್ರಾರಂಭಗೊಳ್ಳುವುದಿಲ್ಲ’. ವ್ಯಾಕರಣದಲ್ಲಿ ತಪ್ಪೇನಿಲ್ಲ. ಆದರೆ ಟಿಟಿ ಓಡಿಸುವ ಡ್ರೈವರ್ ಹೀಗೆ ಮಾತಾಡುವುದಿಲ್ಲ. (ಟೆಂಪೋ ಟ್ರಾವೆಲರ್ ಅಂತ ಪೂರ್ತಿ ಹೇಳುವವರು ಈಗ ಕಡಿಮೆ.) ಗಾಡಿ ಕೈಕೊಟ್ಟಾಗ ಅವನು ಮೆಕ್ಯಾನಿಕ್‌ಗೆ ಫೋನ್ ಮಾಡಿ ಹೇಳುವುದು ಇಷ್ಟು: ‘ಅಣ್ಣ, ಸೆಲ್ಫ್ ಚೆನ್ನಾಗಿ ಹೊಡೀತಿದೆ, ಸ್ಟಾರ್ಟ್ ತಗೋತಿಲ್ಲ.’

ಇಷ್ಟರಲ್ಲೇ ಮೆಕ್ಯಾನಿಕ್‌ಗೆ ಅರ್ಧ ವಿಷಯ ಗೊತ್ತಾಗಿರುತ್ತದೆ. ಬ್ಯಾಟರಿಗೆ ಚಾರ್ಜ್ ಇದೆ. ಸೆಲ್ಫ್ ಮೋಟಾರ್ ಸರಿಯಿದೆ. ಇಂಜಿನ್ ಜಾಮ್ ಆಗಿಲ್ಲ. ಬಹುಶಃ ಡೀಸೆಲ್ ಬರುತ್ತಿಲ್ಲ, ಇಲ್ಲವೇ ಬಂದ ಡೀಸೆಲ್ ಉರಿಯುತ್ತಿಲ್ಲ. ಬರೀ ‘ಗಾಡಿ ಸ್ಟಾರ್ಟ್ ಆಗ್ತಿಲ್ಲ’ ಅಂದಿದ್ದರೆ ಅವನು ಬ್ಯಾಟರಿಯನ್ನೂ ಹೊತ್ತುಕೊಂಡು ಬರಬೇಕಿತ್ತು. ಗ್ಯಾರೇಜಿನ ಮಾತಿನಲ್ಲಿ ಕೆಡುಕು ಎಲ್ಲಿದೆ ಅನ್ನುವುದು ಕ್ರಿಯಾಪದದಲ್ಲೇ ಇರುತ್ತದೆ. ಕೈಪಿಡಿಯ ಕನ್ನಡದಲ್ಲಿ ಅದು ಉಳಿಯುತ್ತಿಲ್ಲ. ಅದಕ್ಕೇ ಈ ಪತ್ರ.

ಮೊದಲು ‘ಸೆಲ್ಫ್’. ಸೆಲ್ಫ್ ಸ್ಟಾರ್ಟರ್ ಅನ್ನುವುದರ ಮೊದಲ ಅರ್ಧ ಮಾತ್ರ ನಮಗೆ ಉಳಿದಿದೆ. ಆ ಅರ್ಧಕ್ಕೆ ನಾವು ಎರಡು ಅರ್ಥ ಕೊಟ್ಟಿದ್ದೇವೆ. ‘ಸೆಲ್ಫ್ ಬಿಚ್ಚಬೇಕು’ ಅಂದರೆ ಆ ಮೋಟಾರು. ‘ಇನ್ನೊಂದು ಸೆಲ್ಫ್ ಹೊಡಿ’ ಅಂದರೆ ಕೀ ತಿರುಗಿಸುವ ಕೆಲಸ. ‘ಹೊಡೆ’ ಎಲ್ಲಿಂದ ಬಂತು? ಹಿಂದೆ ಗಾಡಿಯ ಮುಂದೆ ನಿಂತು ಕಬ್ಬಿಣದ ಹ್ಯಾಂಡಲ್ ಹಾಕಿ ತಿರುಗಿಸುತ್ತಿದ್ದರಲ್ಲ, ಅದಕ್ಕೆ ‘ಹ್ಯಾಂಡಲ್ ಹೊಡೆಯೋದು’ ಅನ್ನುತ್ತಿದ್ದರು. ಬೈಕಿಗೆ ‘ಕಿಕ್ ಹೊಡೆಯೋದು’. ಹ್ಯಾಂಡಲ್ ಹೋಗಿ ಕೀ ಬಂದರೂ ಕ್ರಿಯಾಪದ ಹಾಗೇ ಉಳಿದುಕೊಂಡಿತು ಅಂತ ನನ್ನ ಊಹೆ. ಹಾರ್ನನ್ನೂ ಹೊಡೆಯುತ್ತೇವೆ, ಟೈರಿಗೆ ಗಾಳಿಯನ್ನೂ ಹೊಡೆಸುತ್ತೇವೆ. ಹಾಗಾಗಿ ಇದರಲ್ಲಿ ಅಸಹಜ ಏನೂ ಇಲ್ಲ. ‘ಸೆಲ್ಫ್ ಹೊಡೆಯುತ್ತದೆ’ ಅಂತಲೇ ಬರೆಯೋಣ ಅನ್ನುವುದು ನನ್ನ ವಾದ. ‘ಪರಿಭ್ರಮಣ’ ಭೂಮಿಗೆ ಇರಲಿ.

ಇದರಲ್ಲೂ ಒಳಭೇದಗಳಿವೆ. ‘ಸೆಲ್ಫ್ ಎತ್ತಲ್ಲ’ ಅಂದರೆ ಮೋಟಾರಿಗೆ ಇಂಜಿನ್ ತಿರುಗಿಸುವ ಶಕ್ತಿ ಸಾಲುತ್ತಿಲ್ಲ. ‘ವೀಕ್ ಹೊಡೀತಿದೆ’ ಅಂದರೆ ತಿರುಗುತ್ತದೆ, ಆದರೆ ನಿಧಾನ. ಡೀಸೆಲ್ ಇಂಜಿನ್ನಿಗೆ ಈ ಎರಡನೆಯದೂ ತೊಂದರೆಯೇ. ಇಲ್ಲಿ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಒಳಗಿನ ಗಾಳಿಯನ್ನು ಹದಿನೈದು ಇಪ್ಪತ್ತು ಪಟ್ಟು ಒತ್ತಿದಾಗ ಬರುವ ಶಾಖಕ್ಕೇ ಡೀಸೆಲ್ ಉರಿಯಬೇಕು. ನಿಧಾನವಾಗಿ ತಿರುಗಿದರೆ ಆ ಶಾಖ ಸಿಲಿಂಡರಿನ ಗೋಡೆಗೆ ಸೋರಿಹೋಗುತ್ತದೆ.

ಈಗ ಕಷ್ಟದ ಪದ: ‘ಹಿಡಿ’. ಕೈಪಿಡಿಯಲ್ಲಿ ಒಂದು ಕಡೆ ‘ಇಂಜಿನ್ ಹಿಡಿದುಕೊಳ್ಳುವವರೆಗೆ ಕೀ ತಿರುಗಿಸಿ’ ಅಂತಿದೆ. ಓದಿ ಗಾಬರಿಯಾಯಿತು. ನಮ್ಮ ಹಾಸನದ ಕಡೆ ‘ಇಂಜಿನ್ ಹಿಡ್ಕೊಂಡಿದೆ’ ಅಂದರೆ ಸೀಜ್ ಆಗಿದೆ ಅಂತ ಅರ್ಥ. ಪಿಸ್ಟನ್ ಅಲ್ಲಾಡಲ್ಲ, ಖರ್ಚು ಭಾರಿ. ‘ಬ್ರೇಕ್ ಹಿಡ್ಕೊಂಡಿದೆ’ ಅಂದರೆ ಕಾಲು ತೆಗೆದರೂ ಚಕ್ರ ಬಿಡುತ್ತಿಲ್ಲ. ಎರಡೂ ಕೆಟ್ಟ ಸುದ್ದಿಯೇ. ಹಾಗಾಗಿ ಒಳ್ಳೆಯ ಸುದ್ದಿಗೆ ‘ಸ್ಟಾರ್ಟ್ ತಗೊಳ್ಳುವುದು’ ಸರಿ ಅನಿಸುತ್ತದೆ. ‘ಪಿಕಪ್ ತಗೋತಿಲ್ಲ’ ಅನ್ನುವುದೂ ಇದೇ ಜಾಡಿನ ಮಾತು.

ಎಲ್ಲಕ್ಕಿಂತ ಜಾಸ್ತಿ ಗೊಂದಲ ಇರುವುದು ‘ಏರ್’ ಹತ್ತಿರ. ಟ್ಯಾಂಕ್ ಪೂರ್ತಿ ಖಾಲಿಯಾದಾಗ, ಅಥವಾ ಡೀಸೆಲ್ ಫಿಲ್ಟರ್ ಬದಲಿಸಿದಾಗ ಪೈಪಿನೊಳಗೆ ಗಾಳಿ ಸೇರುತ್ತದೆ. ಡೀಸೆಲ್ ಪಂಪು ಗಾಳಿಯನ್ನೇ ಒತ್ತುತ್ತಾ ಕೂರುತ್ತದೆ, ನಾಜಲ್ (ಸಿಲಿಂಡರಿನೊಳಗೆ ಡೀಸೆಲ್ ಚಿಮ್ಮಿಸುವ ಮೂತಿ) ತೆರೆಯುವಷ್ಟು ಒತ್ತಡ ಬರುವುದಿಲ್ಲ. ಇದಕ್ಕೆ ‘ಏರ್ ಹಿಡ್ಕೊಂಡಿದೆ’ ಅಥವಾ ‘ಏರ್ ಲಾಕ್ ಆಗಿದೆ’ ಅನ್ನುತ್ತಾರೆ. ಒಂದು ಸಲ ಏರ್ ತೆಗೆದರೆ ಮುಗಿಯಿತು. ಆದರೆ ‘ಏರ್ ಎಳೀತಿದೆ’ ಬೇರೆ. ಎಲ್ಲೋ ಪೈಪ್ ಬಿರುಕು ಬಿಟ್ಟಿದೆ, ಕ್ಲಿಪ್ ಸಡಿಲ ಇದೆ, ವಾಷರ್ ಸತ್ತಿದೆ. ಟ್ಯಾಂಕಿನಿಂದ ಪಂಪಿನವರೆಗೆ ಡೀಸೆಲ್ ಎಳೆಸಿಕೊಂಡು ಬರುವುದರಿಂದ ಅಲ್ಲಿ ತೂತು ಇದ್ದರೆ ಡೀಸೆಲ್ ಹೊರಗೆ ಸುರಿಯದೆ ಗಾಳಿ ಒಳಗೆ ಹೋಗಬಹುದು. ಕೆಳಗೆ ಒಂದು ಹನಿಯೂ ಕಾಣದೇ ಇರಬಹುದು. ರಾತ್ರಿ ನಿಂತಾಗ ಡೀಸೆಲ್ ನಿಧಾನವಾಗಿ ಟ್ಯಾಂಕಿಗೆ ವಾಪಸ್ ಇಳಿಯುತ್ತದೆ. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಡುವ ಹೊತ್ತಿಗೆ ಸರಿಯಾಗಿ ಸ್ಟಾರ್ಟಿಂಗ್ ಟ್ರಬಲ್. ಇಲ್ಲಿ ಇವತ್ತು ಏರ್ ತೆಗೆದರೆ ನಾಳೆ ಮತ್ತೆ ಅದೇ ಕಥೆ. ಮೆಕ್ಯಾನಿಕ್‌ಗಳು ಫಿಲ್ಟರಿನ ಹತ್ತಿರ ಒಂದು ತುಂಡು ಪಾರದರ್ಶಕ ಪೈಪ್ ಸೇರಿಸಿ ಗುಳ್ಳೆ ಓಡುತ್ತದಾ ಅಂತ ನೋಡುತ್ತಾರೆ. ಕೈಪಿಡಿಯಲ್ಲಿ ಈ ಎರಡಕ್ಕೂ ‘ಇಂಧನ ವ್ಯವಸ್ಥೆಯಲ್ಲಿ ವಾಯು’ ಅಂತ ಒಂದೇ ಮಾತು ಬಳಸಿದ್ದಾರೆ. ‘ಹಿಡಿ’ ಮತ್ತು ‘ಎಳೆ’ ನಡುವಿನ ವ್ಯತ್ಯಾಸದಲ್ಲಿ ಡ್ರೈವರಿನ ಎರಡು ದಿನದ ಬಾಡಿಗೆ ಹೋಗಬಹುದು.

‘ಗಾಳಿ’ ಅಂತ ಯಾಕೆ ಬರೆಯಬಾರದು ಅಂತ ಕೇಳಬಹುದು. ಬರೆದು ನೋಡಿದೆ. ‘ಗಾಳಿ ತೆಗೆಯಿರಿ’ ಅಂದ ತಕ್ಷಣ ಓದಿದವರ ಕಣ್ಣು ಟೈರಿನ ಕಡೆ ಹೋಗುತ್ತದೆ. ಗ್ಯಾರೇಜಿನಲ್ಲಿ ಗಾಳಿ ಹೆಚ್ಚಾಗಿ ಟೈರಿಗೆ, ಏರ್ ಡೀಸೆಲ್ ಲೈನಿಗೂ ಬ್ರೇಕಿಗೂ. (ಪೆಟ್ರೋಲ್ ಬಂಕಿನಲ್ಲಿ ಟೈರಿಗೂ ‘ಏರ್’ ಅಂತ ಬೋರ್ಡ್ ಇರುತ್ತದೆ, ಒಪ್ಪುತ್ತೇನೆ.)

ಏರ್ ತೆಗೆಯುವುದನ್ನು ನಾನು ಹೀಗೆ ಬರೆದಿದ್ದೇನೆ, ನೋಡಿ ಹೇಳಿ: ‘ಫಿಲ್ಟರಿನ ಮೇಲಿರುವ ಏರ್ ಸ್ಕ್ರೂ ಒಂದೆರಡು ಸುತ್ತು ಸಡಿಲಿಸಿ. ಹ್ಯಾಂಡ್ ಪಂಪ್ ಒತ್ತುತ್ತಾ ಹೋಗಿ. ಮೊದಲು ಬುಸ್ ಅಂತ ಗಾಳಿ, ಆಮೇಲೆ ನೊರೆ ಬರುತ್ತದೆ. ಗುಳ್ಳೆ ಇಲ್ಲದೆ ಬರೀ ಡೀಸೆಲ್ ಬರತೊಡಗಿದಾಗ, ಪಂಪ್ ಒತ್ತಿ ಹಿಡಿದೇ ಸ್ಕ್ರೂ ಬಿಗಿ ಮಾಡಿ.’ ‘ಬುಸ್’ ಪುಸ್ತಕದ ಭಾಷೆಗೆ ಹೊಂದುವುದಿಲ್ಲ ಅಂತ ಒಬ್ಬರು ತೆಗೆದುಹಾಕಲು ಹೇಳಿದ್ದಾರೆ. ನನಗೆ ಇಷ್ಟವಿಲ್ಲ. ಬಾನೆಟ್ ಕೆಳಗೆ ತಲೆ ಹಾಕಿದವನಿಗೆ ಮೊದಲು ಸಿಗುವ ಗುರುತು ಆ ಸದ್ದೇ ಅಲ್ವಾ?

ಹೊಗೆಯದೂ ಒಂದು ಪ್ರಶ್ನೆ ಇದೆ. ಸೆಲ್ಫ್ ಹೊಡೆದಾಗ ಸೈಲೆನ್ಸರಿನಿಂದ ಹೊಗೆಯೇ ಬರದಿದ್ದರೆ, ಡೀಸೆಲ್ ಒಳಗೆ ಹೋಗುತ್ತಿಲ್ಲ ಅಂತ ಮೊದಲ ಅನುಮಾನ. ಬಿಳಿ ಹೊಗೆ ಬಂದರೆ ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ. ಆಗ ಹೀಟರ್ ಪ್ಲಗ್ (ತಣ್ಣಗಿರುವ ಇಂಜಿನ್ನಿನ ಒಳಗನ್ನು ಬಿಸಿ ಮಾಡುವುದು), ಕಂಪ್ರೆಷನ್ (ಗಾಳಿ ಸರಿಯಾಗಿ ಒತ್ತುತ್ತಿದೆಯಾ ಅನ್ನುವುದು), ಪಂಪಿನ ಟೈಮಿಂಗ್ (ಡೀಸೆಲ್ ಸರಿಯಾದ ಹೊತ್ತಿಗೆ ಹೋಗುತ್ತಿದೆಯಾ ಅನ್ನುವುದು) ನೋಡಬೇಕು. ಈ ‘ಉರಿಯುತ್ತಿಲ್ಲ’ ಅನ್ನುವಲ್ಲಿ ‘ಹತ್ತಿಕೊಳ್ಳುತ್ತಿಲ್ಲ’ ಬಳಸಬಹುದಾ? ‘ಒಲೆ ಹತ್ತಲಿಲ್ಲ’, ‘ಬೆಂಕಿ ಹತ್ತಿಕೊಂಡಿತು’ ಅನ್ನುತ್ತೇವಲ್ಲ. ‘ದಹನ’ಕ್ಕಿಂತ ಚೆನ್ನಾಗಿದೆ. ಆದರೆ ಇಂಜಿನ್ ವಿಷಯದಲ್ಲಿ ಯಾರಾದರೂ ಹೀಗೆ ಹೇಳುವುದನ್ನು ನಾನು ಕೇಳಿಲ್ಲ. ನೀವು ಕೇಳಿದ್ದೀರಾ?

‘ಸ್ಟಾಪರ್’ ಗೊತ್ತಿರುವವರು ಈಗ ಕಡಿಮೆಯಾಗಿರಬಹುದು. ಡೀಸೆಲ್ ನಿಲ್ಲಿಸಿದರೇ ಡೀಸೆಲ್ ಇಂಜಿನ್ ನಿಲ್ಲುವುದು. ಹಳೆಯ ಗಾಡಿಗಳಲ್ಲಿ ಅದಕ್ಕೆಂದು ಎಳೆಯುವ ಗುಬುಟು ಇರುತ್ತಿತ್ತು. ಎಳೆದದ್ದನ್ನು ಒಳಗೆ ತಳ್ಳಲು ಮರೆತರೆ ಸೆಲ್ಫ್ ಎಷ್ಟು ಹೊಡೆದರೂ ಅಷ್ಟೇ. ಆಮೇಲೆ ಆ ಕೆಲಸ ಪಂಪಿನ ಮೇಲಿರುವ ಸೊಲೆನಾಯ್ಡಿಗೆ (ಕರೆಂಟಿನಿಂದ ಡೀಸೆಲ್ ದಾರಿ ತೆರೆದು ಮುಚ್ಚುವ ಭಾಗ) ಬಂತು. ಕೀ ಹಾಕಿದಾಗ ಅದು ‘ಟಕ್’ ಅನ್ನಬೇಕು. ಪಂಪಿಗೆ ‘ಮೈಕೋ ಪಂಪು’ ಅನ್ನುವ ರೂಢಿ ಇನ್ನೂ ಹೋಗಿಲ್ಲ. 1951ರಲ್ಲಿ ಶುರುವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಮೈಕೋ ಕಂಪನಿ, 2008ರಲ್ಲಿ ಬಾಷ್ ಲಿಮಿಟೆಡ್ ಅಂತ ಹೆಸರು ಬದಲಿಸಿಕೊಂಡಿತು. ಮೆಕ್ಯಾನಿಕ್‌ಗಳ ಬಾಯಲ್ಲಿ ಮಾತ್ರ ಬದಲಾಗಿಲ್ಲ.

ಒಂದು ಕಡೆ ಮಾತ್ರ ಪದದ ಜೊತೆ ಎಚ್ಚರಿಕೆಯೂ ಬೇಕು. ಹಳೆಯ ಪಂಪಿನ ಗಾಡಿಯಲ್ಲಿ ನಾಜಲ್ ಪೈಪಿನ ನಟ್ಟನ್ನು 17 ನಂಬರ್ ಸ್ಪ್ಯಾನರಿನಲ್ಲಿ ಸಡಿಲಿಸಿ, ಸೆಲ್ಫ್ ಹೊಡೆದು, ಡೀಸೆಲ್ ಬರುತ್ತದಾ ನೋಡುವುದು ರೂಢಿ. ಕಾಮನ್ ರೈಲ್ ಗಾಡಿಯಲ್ಲಿ (ಎಲ್ಲ ನಾಜಲ್‌ಗಳಿಗೂ ಒಂದೇ ಪೈಪಿನಿಂದ ಭಾರಿ ಒತ್ತಡದಲ್ಲಿ ಡೀಸೆಲ್ ಹೋಗುವ, ಕಂಪ್ಯೂಟರ್ ನಡೆಸುವ ಹೊಸ ಬಗೆಯ ಗಾಡಿ) ಹಾಗೆ ಮಾಡಲೇಬಾರದು. ಅಲ್ಲಿನ ಒತ್ತಡಕ್ಕೆ ಡೀಸೆಲ್ ಚರ್ಮವನ್ನೇ ತೂರಿ ಒಳಗೆ ಹೋಗುತ್ತದೆ. ಡ್ರೈವರುಗಳು ಈ ಗಾಡಿಗಳನ್ನು ‘ಸೆನ್ಸರ್ ಗಾಡಿ’ ಅನ್ನುತ್ತಾರೆ. ಇವುಗಳ ಕೆಡುಕನ್ನು ಸ್ಕ್ಯಾನರ್ (ಗಾಡಿಯ ಕಂಪ್ಯೂಟರಿಗೆ ಜೋಡಿಸಿ ಓದುವ ಯಂತ್ರ) ಹಾಕಿಯೇ ನೋಡಬೇಕು. ‘ಸೆನ್ಸರ್ ಗಾಡಿ’ ಅಂತ ಬರೆದರೆ ಎಲ್ಲ ಜಿಲ್ಲೆಗಳಲ್ಲೂ ತಿಳಿಯುತ್ತದಾ? ಇದಕ್ಕೆ ಉತ್ತರ ಬೇಗ ಬೇಕು, ಎಚ್ಚರಿಕೆಯ ಮಾತು ಯಾರಿಗೂ ತಪ್ಪಿ ಹೋಗಬಾರದು.

ಹುಬ್ಬಳ್ಳಿ ಧಾರವಾಡದ ಕಡೆಯವರು ‘ಗಾಡಿ ಚಾಲೂ ಆಗವಲ್ದು’ ಅನ್ನುತ್ತಾರೆ. ಅಲ್ಲಿ ಸೆಲ್ಫ್ ತಿರುಗಿಯೂ ಚಾಲೂ ಆಗದಿದ್ದರೆ ಬೇರೆ ಮಾತಿದೆಯಾ, ಅಥವಾ ‘ಸೆಲ್ಫ್ ಹೊಡೀತೈತಿ’ ಅಂತಲೇ ಶುರು ಮಾಡುತ್ತೀರಾ? ಮಂಗಳೂರು, ಉಡುಪಿ, ಕಲಬುರಗಿ ಕಡೆಯವರೂ ಹೇಳಿ. ‘ಏರ್ ಹಿಡಿಯೋದು’ ಮತ್ತು ‘ಏರ್ ಎಳೆಯೋದು’ ನಿಮ್ಮಲ್ಲಿ ಒಂದೇನಾ, ಬೇರೆ ಬೇರೆನಾ? ಸುಮ್ನೆ ನಿಘಂಟು ನೋಡಿ ಹೇಳಬೇಡಿ, ಹತ್ತಿರದ ಗ್ಯಾರೇಜಿನಲ್ಲಿ ಒಂದು ಮಾತು ಕೇಳಿ ಬರೆಯಿರಿ.