ಐರ್ಲೆಂಡಿನ ಹೊಲಗದ್ದೆಗಳಲ್ಲಿ ಕೆತ್ತನೆಯ ಕಲ್ಲುಗಳನ್ನು ಹುಡುಕುವುದು ಹೇಗೆ?

ಪ್ರಶ್ನೆ: ಉಡುಪಿಯ ನಿವೃತ್ತ ಅಧ್ಯಾಪಕ

ಮಗಳು ಐರ್ಲೆಂಡಿನ ಕಾರ್ಕ್ ನಗರದಲ್ಲಿದ್ದಾಳೆ. ಜುಲೈ, ಆಗಸ್ಟ್ ತಿಂಗಳುಗಳನ್ನು ಅವಳ ಮನೆಯಲ್ಲಿ ಕಳೆಯಲಿದ್ದೇನೆ. ಕುಂದಾಪುರದ ಕಡೆಯ ಬುದ್ಧನಜೆಡ್ಡಿನಲ್ಲಿ ಮುರಕಲ್ಲಿನ ಹಾಸಿನ ಮೇಲೆ ಕೊರೆದ ಆಕೃತಿಗಳನ್ನು ನೋಡಿ ಬಂದಂದಿನಿಂದ ನನಗೆ ಕೆತ್ತನೆಯ ಕಲ್ಲುಗಳ ಗೀಳು ಹತ್ತಿದೆ. ಟಿಕೆಟ್ ಪಡೆದು ಸಾಲಿನಲ್ಲಿ ನಿಂತು ನೋಡಬೇಕಾದ ನ್ಯೂಗ್ರೇಂಜ್ ಎಂಬ ಪ್ರಾಚೀನ ಸಮಾಧಿ ದಿಬ್ಬಕ್ಕಿಂತ, ದನ ಮೇಯುವ ಹೊಲದ ಅಂಚಿನಲ್ಲಿ ಒಂಟಿಯಾಗಿ ನಿಂತಿರುವ ಕಲ್ಲುಗಳ ಮೇಲೆಯೇ ನನಗೆ ಆಸೆ ಹೆಚ್ಚು. ಆದರೆ ಕಳೆದ ಬಾರಿ ನಕ್ಷೆಯಲ್ಲಿ ಗುರುತಿದ್ದ ಕಲ್ಲೊಂದರ ಮುಂದೆ ನಡುಮಧ್ಯಾಹ್ನ ಅರ್ಧ ಗಂಟೆ ನಿಂತರೂ ಪಾಚಿಯ ಹೊರತು ಏನೂ ಕಾಣಿಸಲಿಲ್ಲ. ಇಂಥ ಕಲ್ಲುಗಳು ಎಲ್ಲಿವೆ ಎಂದು ತಿಳಿಯುವುದು ಹೇಗೆ, ಸಿಕ್ಕ ಮೇಲೆ ಕೆತ್ತನೆಯನ್ನು ಗುರುತಿಸುವುದು ಹೇಗೆ?

ಉತ್ತರ 1: ಕೆರ್ರಿ ಕೌಂಟಿಯಲ್ಲಿ ಆರು ವರ್ಷ ದುಡಿದು ಮಂಗಳೂರಿಗೆ ಮರಳಿದವಳು

ನೀವು ತಪ್ಪಿದ್ದು ಕಲ್ಲಿನಲ್ಲಲ್ಲ, ಹೊತ್ತಿನಲ್ಲಿ. ನೆತ್ತಿಯ ಬಿಸಿಲಿನಲ್ಲಿ ಸವೆದ ಗೀರುಗಳಿಗೆ ನೆರಳೇ ಬೀಳುವುದಿಲ್ಲ. ಜುಲೈಯಲ್ಲಿ ಅಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಹತ್ತರ ಹತ್ತಿರವಾಗಿರುತ್ತದೆ. ಎಂಟು ಗಂಟೆಯ ನಂತರದ ಓರೆ ಬೆಳಕಿನಲ್ಲಿ ಅದೇ ಕಲ್ಲನ್ನು ಮತ್ತೆ ನೋಡಿ. ಮೋಡ ಕವಿದಿದ್ದರೆ ಕತ್ತಲಾಗುವವರೆಗೆ ಕಾದು, ಟಾರ್ಚನ್ನು ಕಲ್ಲಿನ ಮೈಗೆ ಸಮಾನಾಂತರವಾಗಿ ಹಿಡಿಯಿರಿ.

ಓಘಮ್ ಎಂಬ ಹಳೆಯ ಐರಿಷ್ ಲಿಪಿಯ ಕಲ್ಲಾದರೆ ಮುಖವನ್ನು ಬಿಟ್ಟು ಅಂಚನ್ನು ನೋಡಬೇಕು. ನಾಲ್ಕರಿಂದ ಏಳನೆಯ ಶತಮಾನದ ಈ ಲಿಪಿಯಲ್ಲಿ ಕಲ್ಲಿನ ಅಂಚೇ ಬರಹದ ಗೆರೆ. ಅದರ ಬಲಕ್ಕೆ, ಎಡಕ್ಕೆ, ಅಡ್ಡವಾಗಿ ಒಂದರಿಂದ ಐದರವರೆಗೆ ಗೀರುಗಳು, ಸ್ವರಗಳಿಗೆ ಅಂಚಿನ ಮೇಲೆಯೇ ಸಣ್ಣ ಕಚ್ಚುಗಳು. ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು. ನಾನು ಮೊದಲು ಗುರುತಿಸಿದ್ದು ‘ಮಾಕ್ವಿ’ ಎಂಬ ಪದವನ್ನು: ಅಂಚನ್ನು ದಾಟುವ ಒಂದು ಓರೆಗೀರು, ಒಂದು ಕಚ್ಚು, ಎಡಕ್ಕೆ ಐದು ಗೀರು, ಕೊನೆಗೆ ಐದು ಕಚ್ಚು. ‘ಮಗನ’ ಎಂದು ಅದರ ಅರ್ಥ. ಇಂದಿನ ಐರಿಷ್ ಹೆಸರುಗಳ ‘ಮ್ಯಾಕ್’ ಅದರ ಸಂತತಿಯೇ. ನಮ್ಮ ವೀರಗಲ್ಲಿನಂತೆ ಯಾರು ಎಲ್ಲಿ ಕಾದಿ ಸತ್ತರೆಂಬ ಕಥೆ ಅಲ್ಲಿಲ್ಲ, ಇಂಥವನ ಮಗ ಇಂಥವನ ಕಲ್ಲು ಎಂಬಷ್ಟೇ. (ಇಂದಿನ ಐರಿಷ್‌ನಲ್ಲಿ ಓಘಮ್ ಪದದ ಉಚ್ಚಾರ ‘ಓಅಮ್’, ಓಂಕಾರದ ಜೊತೆ ಇದಕ್ಕೆ ನಂಟು ಬೆಸೆಯುವ ವಾಟ್ಸಾಪ್ ಸಂದೇಶಗಳನ್ನು ನಂಬಬೇಡಿ.)

ಕಣ್ಣು ಪಳಗಲು ಮಗಳ ಊರಿನಲ್ಲೇ ಯೂನಿವರ್ಸಿಟಿ ಕಾಲೇಜ್ ಕಾರ್ಕ್‌ನ ಕಲ್ಲಿನ ಮೊಗಸಾಲೆಯಲ್ಲಿ 28 ಓಘಮ್ ಕಲ್ಲುಗಳಿವೆ. ಬಳಿಕ ಕಿಲ್ಲಾರ್ನಿ ಸಮೀಪದ ಡನ್‌ಲೋಗೆ ಹೋಗಿ. ಅಲ್ಲಿ ಎಂಟು ಕಲ್ಲುಗಳು ಒಂದೆಡೆ ಇವೆ; ಅವುಗಳಲ್ಲಿ ಏಳು 1838ರಲ್ಲಿ ಹತ್ತಿರದ ನೆಲಮಾಳಿಗೆಯೊಂದರಲ್ಲಿ ಸಿಕ್ಕಿದವು. ಯಾರದೋ ಹೆಸರು ಹೊತ್ತ ಕಲ್ಲುಗಳನ್ನು ಯಾರೋ ಮಾಡಿಗೆ ಹಾಸಿದ್ದರು.

ಉತ್ತರ 2: ಬಾರ್ಕೂರಿನವನು

ಮಾಡಿನ ಮಾತು ಓದಿ ನಗು ಬಂತು. ನಮ್ಮ ಹಳೆಯ ಮನೆಯ ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಕಲ್ಲನ್ನು ಮಗುಚಿದಾಗ ಅಡಿಯಲ್ಲಿ ಹನ್ನೊಂದು ಸಾಲು ಕನ್ನಡವಿತ್ತು. ಆಗ ಅಕ್ಷರ ಕಾಣಲೆಂದು ನಾವು ಹಿಟ್ಟು ತಿಕ್ಕಿದ್ದೆವು, ತಂತಿ ಬ್ರಷ್ಷಿನಿಂದ ಉಜ್ಜಿಯೂ ಇದ್ದೆವು. ಎರಡು ಸಾಲುಗಳು ಹಾಗೆಯೇ ಹೋದವು. ಐರ್ಲೆಂಡಿನ ಕಲ್ಲುಗಳಿಗೆ ಹಿಟ್ಟು, ಸೀಮೆಸುಣ್ಣ ಯಾವುದನ್ನೂ ಮುಟ್ಟಿಸಬೇಡಿ, ಪಾಚಿಯನ್ನೂ ಕೆರೆಯಬೇಡಿ.

ಉತ್ತರ 3: ಮಣಿಪಾಲದ ಓದುಗ

ಸ್ಥಳ ಹುಡುಕಲು ಐರ್ಲೆಂಡಿನ ರಾಷ್ಟ್ರೀಯ ಸ್ಮಾರಕ ಇಲಾಖೆಯ ‘ಹಿಸ್ಟಾರಿಕ್ ಎನ್ವಿರಾನ್ಮೆಂಟ್ ವ್ಯೂವರ್’ ಎಂಬ ಉಚಿತ ಆನ್‌ಲೈನ್ ನಕ್ಷೆ ಸಾಕು. ‘ಓಘಮ್ ಸ್ಟೋನ್’, ‘ರಾಕ್ ಆರ್ಟ್’ ಎಂದು ಬಗೆಯನ್ನು ಆರಿಸಿದರೆ ಚುಕ್ಕೆಗಳು ಮೂಡುತ್ತವೆ. ಆದರೆ ಚುಕ್ಕೆ ಇದೆಯೆಂದ ಮಾತ್ರಕ್ಕೆ ದಾರಿಯಿದೆ ಎಂದಲ್ಲ. ಬಹುಪಾಲು ಕಲ್ಲುಗಳು ಖಾಸಗಿ ಜಮೀನಿನಲ್ಲಿವೆ, ಅನ್ಯರ ಹೊಲದಲ್ಲಿ ನಡೆಯುವ ಹಕ್ಕು ಅಲ್ಲಿ ಯಾರಿಗೂ ಇಲ್ಲ. ಮೊದಲು ಮನೆಯ ಬಾಗಿಲು ತಟ್ಟಿ. ನೀವು ತೆರೆದ ಗೇಟನ್ನು ಮುಚ್ಚಿಯೇ ಮುಂದೆ ಹೋಗಿ. ಹೊಸ ಕಲ್ಲೇ ಕಣ್ಣಿಗೆ ಬಿದ್ದರೆ ಫೋಟೋ ತೆಗೆದು ಅದೇ ಇಲಾಖೆಗೆ ತಿಳಿಸಿ; ಅಗೆಯುವಂತಿಲ್ಲ, ಅನುಮತಿಯಿಲ್ಲದೆ ಮೆಟಲ್ ಡಿಟೆಕ್ಟರ್ ಬಳಸಿ ಪ್ರಾಚ್ಯವಸ್ತು ಹುಡುಕುವುದು ಅಪರಾಧ.

ಓಘಮ್‌ಗಿಂತ ಸಾವಿರಾರು ವರ್ಷ ಹಳೆಯ ಕುಳಿ–ಬಳೆಗಳ (ಬಂಡೆಯಲ್ಲಿ ಕೊರೆದ ಸಣ್ಣ ಕುಳಿ, ಅದರ ಸುತ್ತ ಬಳೆಯಂಥ ವೃತ್ತಗಳು) ಕೆತ್ತನೆ ನೋಡಬೇಕೆಂದಿದ್ದರೆ ಮೇಯೋ ಕೌಂಟಿಯ ಬೊಹೇ ಬಂಡೆ ನನ್ನ ಆಯ್ಕೆ. ಅಲ್ಲಿಂದ ನೋಡಿದರೆ ಏಪ್ರಿಲ್ 18 ಮತ್ತು ಆಗಸ್ಟ್ 24ರಂದು ಮುಳುಗುವ ಸೂರ್ಯ ಕ್ರೋ ಪ್ಯಾಟ್ರಿಕ್ ಬೆಟ್ಟದ ನೆತ್ತಿಯನ್ನು ಮುಟ್ಟಿ, ಅದರ ಇಳಿಜಾರಿನ ಮೇಲೆ ಉರುಳುತ್ತಾ ಇಳಿದಂತೆ ಕಾಣುತ್ತದೆ. ಬಂಡೆಯ ಬಗ್ಗೆ ಮೊದಲೇ ತಿಳಿದಿತ್ತು. ಈ ಉರುಳಾಟವನ್ನು ಸ್ಥಳೀಯರೊಬ್ಬರು ಗಮನಿಸಿದ್ದು 1991ರಲ್ಲಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಟಾರ್ಚ್ ಕೊಂಡಿದ್ದೇನೆ. ನನ್ನ ಹಿಂದಿರುಗುವ ಟಿಕೆಟ್ ಆಗಸ್ಟ್ 22ಕ್ಕಿದೆ. ಅದನ್ನು ನಾಲ್ಕು ದಿನ ಮುಂದೂಡಲು ಎಷ್ಟು ತೆರಬೇಕೆಂದು ವಿಚಾರಿಸುತ್ತಿದ್ದೇನೆ.